ಅರ್ಧಚಂದ್ರದ ಬಾಯಿ

ಉಟ್ಕೂರಿನ ಹೊರಗೆ, ತೊಗರಿ ಹೊಲದ ಬದುವಿಗೆ ಹತ್ತಿಕೊಂಡು ಒಂದು ಮೊಬೈಲ್ ಟವರ್ ಇದೆ. ಅದರ ತಂತಿಬೇಲಿಯ ಗೇಟಿಗೆ ತೂಗುವ ಕೀಲಿಯನ್ನು ನಾನು ಬಹಳ ಕಾಲದಿಂದ ನೋಡುತ್ತಿದ್ದೇನೆ. ನಾನಲ್ಲಿ ಬೇವಿನ ನೆರಳಿಗೆ ಕೂರುವುದು ನೀಲಕಂಠ ಹಕ್ಕಿಗಾಗಿ. ತಂತಿಯ ಮೇಲೆ ಅದು ಅಲುಗದೆ ಕೂತಿರುವ ಹೊತ್ತಿನಲ್ಲಿ ಕಣ್ಣು ಕೆಳಗಿಳಿದು ಈ ಕೀಲಿಯ ಮೇಲೆ ನಿಲ್ಲುತ್ತದೆ. ಸೀಸದ ಬೂದು ಬಣ್ಣದ ಭಾರದ ಮೈ. ಕೊಂಡಿಯ ಬುಡದಲ್ಲಿ ಮಾತ್ರ ಇಟ್ಟಿಗೆಗೆಂಪಿನ ತುಕ್ಕು. ಎರಡೂ ಕಡೆಯ ಭುಜ ಮೇಲೆದ್ದಿರುವುದರಿಂದ ಕೊಂಡಿಯ ಸ್ವಲ್ಪವೇ ಭಾಗ ಹೊರಗೆ ಕಾಣುತ್ತದೆ. ಗರಗಸ ಹೋಗಲು ಸಂದಿಲ್ಲ. ಮೈಮೇಲೆಲ್ಲೂ ಹೆಸರು ಕೆತ್ತಿಲ್ಲ.

ಹೆಸರಿಲ್ಲದ ಹಕ್ಕಿಗೆ ಕೊಕ್ಕು ನೋಡುವಂತೆ, ಹೆಸರಿಲ್ಲದ ಕೀಲಿಗೆ ಬಾಯಿ ನೋಡಬೇಕು. ನಮ್ಮ ಮನೆಗಳ ಹಳೆಯ ಲಿವರ್ ಕೀಲಿಗಳ ಬಾಯಿ ನೇರ ಸೀಳು, ಒಮ್ಮೊಮ್ಮೆ ಅದರ ತಲೆಯಲ್ಲೊಂದು ದುಂಡು ತೂತು. ಬಾಗಿಲೊಳಗೆ ಕೂರಿಸುವ ಕೀಲಿಗಳದು ಅಂಕುಡೊಂಕಿನ ಕಿರುಸಂದು. ಈ ಕೀಲಿಯ ಬಾಯಿ ಅರ್ಧಚಂದ್ರ: ಮೇಲಂಚು ಕಮಾನು, ಕೆಳಗಿನ ಅಂಚು ಚಪ್ಪಟೆ. ಒಳಗೆ ಕತ್ತಲು. ಬಿಸಿಲು ಓರೆಯಾದ ಸಂಜೆ ಮಾತ್ರ ಹಿತ್ತಾಳೆಯ ಹಳದಿ ಗೆರೆಗಳು ಒಂದರ ಹಿಂದೊಂದು ಕಾಣುತ್ತವೆ, ಅವುಗಳ ನಡುವೆ ಎಳೆಯಷ್ಟು ತೆಳುವಾದ ಕಪ್ಪು.

ಪಕ್ಕದ ಮೀಟರ್ ಡಬ್ಬಿಗೆ ಲಿವರ್ ಕೀಲಿಯೊಂದಿದೆ, ಬಳಕೆಯಿಲ್ಲದ್ದು. ಮಳೆ ನಿಂತ ಮೇಲೆ ಒಂಟಿ ಕಣಜವೊಂದು ಅದರ ಬಾಯಿಗೆ ಬಂತು. ತುಕ್ಕುಹಳದಿ ಹೊಟ್ಟೆ, ಹೊಗೆಬಣ್ಣದ ರೆಕ್ಕೆ. ಮೊದಲು ಅರ್ಧಚಂದ್ರದ ಬಾಯಿಗೂ ಮೀಸೆ ತಾಗಿಸಿತು; ಒಳಕ್ಕೆ ತಲೆ ಹಾಕಿತು, ಹಿಂದೆ ಸರಿಯಿತು, ಅಂಚಿನ ಸುತ್ತ ಒಮ್ಮೆ ನಡೆದು ಹಾರಿತು. ಹಳೆಯ ಕೀಲಿಯಲ್ಲಿ ಪೂರ್ತಿ ಇಳಿದು ಹೋಗಿ ತಿರುಗಿಕೊಂಡು ಹೊರಬಂತು. ಆಮೇಲೆ ಹಸಿರು ಹುಳುಗಳನ್ನು ಹೊತ್ತು ತರತೊಡಗಿತು. ಇಂಥ ಕಣಜ ಮೊದಲು ಗೂಡಿನ ಚಾವಣಿಗೆ ಎಳೆಯೊಂದರಲ್ಲಿ ಮೊಟ್ಟೆಯನ್ನು ತೂಗುಹಾಕುತ್ತದೆ. ಚುಚ್ಚಿ ಸ್ತಬ್ಧಗೊಳಿಸಿದ ಹುಳುಗಳು ಬರುವುದು ಆಮೇಲೆ. ಕೊನೆಗೆ ಕೆಮ್ಮಣ್ಣಿನ ಉಂಡೆ ತಂದು, ದವಡೆಯಿಂದ ಒತ್ತಿ, ಬಾಯಿ ಮುಚ್ಚಿ ಸಪಾಟು ಮಾಡಿತು. ಅರ್ಧಚಂದ್ರವನ್ನು ಅದು ಏಕೆ ಬಿಟ್ಟಿತೆಂದು ನಾನು ಹೇಳಲಾರೆ. ಆದರೆ ಅದು ಅಳೆದು ನೋಡಿದ ರೀತಿಯಿಂದಲೇ ನನಗೆ ಒಳಗಿನ ಆಕಾರದ ಬಗ್ಗೆ ಕುತೂಹಲ ಹೆಚ್ಚಿತು.

ಜನರೇಟರಿಗೆ ಡೀಸೆಲ್ ಹಾಕಲು ಬರುವ ಹುಡುಗ ಗೇಟು ತೆಗೆಯುವಾಗ ಹತ್ತಿರ ನಿಂತು ಕೇಳಿಸಿಕೊಂಡೆ. ಚಾವಿ ಚಪ್ಪಟೆಯಲ್ಲ, ಉದ್ದಕ್ಕೆ ಸೀಳಿದ ದುಂಡು ಸರಳಿನ ಅರ್ಧ. ಅದರ ಅಂಚಿನಲ್ಲಿ ಕಚ್ಚುಗಳು, ಒಂದೊಂದೂ ಬೇರೆ ಬೇರೆ ಓರೆಯಲ್ಲಿ. ಅದು ಒಳಗೆ ಹೋಗುವಾಗ ಸದ್ದೇ ಇಲ್ಲ. ಬೇರೆ ಕೀಲಿಗಳಲ್ಲಿ ಸ್ಪ್ರಿಂಗಿನ ಮೇಲೆ ಕೂತ ಮೊಳೆಗಳು ಚಾವಿಯ ಹಲ್ಲಿನ ಮೇಲೆ ಹತ್ತಿಳಿಯುವ ಕಿಟಿಕಿಟಿ ಇರುತ್ತದೆ, ಇಲ್ಲಿ ಇಲ್ಲ. ಕೈ ಬಲಕ್ಕೆ ತಿರುಗಿತು, ಕಾಲು ಸುತ್ತು ಹಗುರವಾಗಿ, ನಂತರ ಒಂದೇ ಒಂದು ಮಂದವಾದ ಸದ್ದು, ಆಮೇಲೆ ಭಾರ. ಕೊಂಡಿ ಎದ್ದಿತು.

ನಾರಾಯಣಪೇಟೆಯಲ್ಲಿ ಚಾವಿ ಮಾಡುವವರೊಬ್ಬರು ಇಂಥದೇ ಕೆಟ್ಟ ಕೀಲಿಯೊಂದನ್ನು ಕೊಯ್ದು ಇಟ್ಟಿದ್ದರು. “ಇದರಾಗ ಸ್ಪ್ರಿಂಗ್ ಇಲ್ಲೇ ಇಲ್ರೀ ಸರ, ಅದಕ್ಕ ಧೂಳಿಗೆ ಹೆದರಂಗಿಲ್ಲ,” ಎಂದು ಬಿಲ್ಲೆಗಳನ್ನು ಬಟ್ಟೆಯ ಮೇಲೆ ಸುರಿದರು. ಏಳು ಹಿತ್ತಾಳೆ ಬಿಲ್ಲೆ, ಪ್ರತಿಯೊಂದರ ನಡುವೆ ಅರ್ಧಚಂದ್ರದ ತೂತು, ಅಂಚಿನಲ್ಲಿ ಒಂದು ಆಳವಾದ ಕಚ್ಚು. ಕಚ್ಚಿನ ಜಾಗ ಒಂದೊಂದು ಬಿಲ್ಲೆಗೂ ಬೇರೆ. ಎರಡು ಬಿಲ್ಲೆಗಳ ನಡುವೆ ತಿರುಗದ ತೆಳು ತಗಡು, ಒಂದು ತಿರುಗಿದಾಗ ಪಕ್ಕದ್ದನ್ನು ಎಳೆಯದಿರಲಿ ಎಂದು. ಇವೆಲ್ಲ ಒಂದು ಉರುಳೆಯೊಳಗೆ ಕೂರುತ್ತವೆ. ಉರುಳೆಯ ಬದಿಯ ಸೀಳಿನಲ್ಲಿ ಉಕ್ಕಿನ ಕಡ್ಡಿ ಅಡ್ಡ ಮಲಗಿರುತ್ತದೆ, ಅರ್ಧ ಉರುಳೆಯೊಳಗೆ, ಅರ್ಧ ಹೊರಚಿಪ್ಪಿನ ತೋಡಿನೊಳಗೆ. ಕೀಲಿಯನ್ನು ಹಿಡಿದಿರುವುದು ಈ ಕಡ್ಡಿಯೇ.

ಚಾವಿ ತಿರುಗುವಾಗ ಅದರ ಅಂಚಿನಲ್ಲಿ ಕಚ್ಚಿಲ್ಲದ ಕಡೆಯ ಬಿಲ್ಲೆ ತಕ್ಷಣ ಜೊತೆಗೆ ಹೊರಡುತ್ತದೆ. ಆಳದ ಕಚ್ಚಿರುವ ಕಡೆಯ ಬಿಲ್ಲೆ ಕಾಯುತ್ತದೆ. ಚಾವಿಯ ಅಂಚು ತಾಗಿದ ಮೇಲಷ್ಟೇ ಅದರ ನಡೆ. ಹೀಗೆ ಕಾದವು, ಕಾಯದವು ಎಲ್ಲವೂ ಬೇರೆ ಬೇರೆ ದೂರ ನಡೆದು, ಕಾಲು ಸುತ್ತಿನ ಕೊನೆಯಲ್ಲಿ ಬಿಲ್ಲೆಗಳ ಕಚ್ಚುಗಳು ಒಂದೇ ಸಾಲಿಗೆ ಬರುತ್ತವೆ. ಕಡ್ಡಿ ಆ ಸಾಲಿಗೆ ಜಾರಿ ಬೀಳುತ್ತದೆ. ನಾನು ಕೇಳಿದ ಮಂದ ಸದ್ದು ಅದು. ಈಗ ಹೊರಚಿಪ್ಪಿಗೂ ಉರುಳೆಗೂ ಸಂಬಂಧ ಬಿಟ್ಟು, ಉರುಳೆ ಇಡಿಯಾಗಿ ತಿರುಗುತ್ತದೆ. ಕೊಂಡಿಯನ್ನು ಎರಡೂ ಕಡೆಯಿಂದ ಒತ್ತಿಕೊಂಡಿದ್ದ ಉಕ್ಕಿನ ಗುಂಡುಗಳಿಗೆ ಹಿಂದೆ ಸರಿಯಲು ಎಡೆ ಸಿಗುತ್ತದೆ. ಮುಚ್ಚುವಾಗ ಅದೇ ಚಾವಿ ಬಿಲ್ಲೆಗಳನ್ನು ಹಿಂದಕ್ಕೆ ನೂಕಿ ಸಾಲನ್ನು ಕೆಡಿಸುತ್ತದೆ. ಕೆಡಿಸುವವರೆಗೆ ಅದು ಹೊರಗೆ ಬಾರದು.

1907ರಲ್ಲಿ ಫಿನ್‌ಲೆಂಡಿನ ಎಮಿಲ್ ಹೆನ್ರಿಕ್ಸನ್ ಎಂಬ ಮೆಕ್ಯಾನಿಕ್ ಕಂಡುಹಿಡಿದದ್ದು ಈ ಬಗೆಯ ಕೀಲಿ. ಅಬ್ಲಾಯ್ ಹೆಸರಿನ ಕೀಲಿಗಳ ಮೂಲ ಇದೇ. ಹೆಪ್ಪುಗಟ್ಟುವ ಚಳಿಯ ನಾಡಿಗೆ ಒಗ್ಗಿದ ಯಂತ್ರವು ಮೇ ತಿಂಗಳ ನಮ್ಮ ಪಾಲಮೂರು ಸೀಮೆಯ ಧೂಳಿಗೂ ಒಗ್ಗುತ್ತದೆ, ಕಾರಣ ಒಂದೇ: ಸಿಕ್ಕಿಕೊಳ್ಳಲು ಸ್ಪ್ರಿಂಗ್ ಇಲ್ಲ.

ಬಿಲ್ಲೆಗಳನ್ನು ಭೂತಗನ್ನಡಿಯ ಕೆಳಗಿಟ್ಟು ನೋಡಿದೆ. ನಿಜವಾದ ಕಚ್ಚಿನ ಆಚೀಚೆ ಆಳವಿಲ್ಲದ ಸುಳ್ಳು ಕಚ್ಚುಗಳಿದ್ದವು; ಚಾವಿಯಿಲ್ಲದೆ ಯಾರಾದರೂ ಒತ್ತಿ ತಡಕಿದರೆ ಉಕ್ಕಿನ ಕಡ್ಡಿ ಅಲ್ಲಿ ಸಿಕ್ಕಿ ನಿಲ್ಲಲಿ ಎಂದು ಕೊರೆದವು. ಅರ್ಧಚಂದ್ರದ ಅಂಚು ಚಾವಿ ತಾಗಿ ತಾಗಿ ಚಿನ್ನದಷ್ಟು ಹೊಳೆಯುತ್ತಿತ್ತು. ನಿಜವಾದ ಕಚ್ಚಿನ ಎರಡೂ ತುಟಿ ಕಡ್ಡಿ ಬಿದ್ದು ನುಣುಪಾಗಿದ್ದವು. ಸುಳ್ಳು ಕಚ್ಚುಗಳಲ್ಲಿ ಮಾತ್ರ ಕಾರ್ಖಾನೆಯ ಕತ್ತರಿಯ ಗೀರುಗಳು ಕಂದುಗಪ್ಪಾಗಿ, ಒಂದೂ ಸವೆಯದೆ, ಹಾಗೇ ಉಳಿದಿದ್ದವು.