ಗೋಡೆ ಬಿಟ್ಟ ಪಟ, ಅರಳಿಕಟ್ಟೆಯ ಪಾಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹಳ್ಳಿ ಬದಿಯ ಅರಳಿಕಟ್ಟೆಗಳನ್ನು ಒಮ್ಮೆ ಗಮನಿಸಿ. ನಾಗರಕಲ್ಲುಗಳ ಪಕ್ಕದಲ್ಲಿ, ಬೇರಿಗೆ ಒರಗಿಸಿಟ್ಟ ಹಳೆಯ ದೇವರ ಪಟಗಳು ಕಾಣುತ್ತವೆ. ಒಂದರ ಗಾಜು ಸೀಳಿದೆ, ಇನ್ನೊಂದರ ಚೌಕಟ್ಟನ್ನು ಗೆದ್ದಲು ತಿಂದಿದೆ. ಗಾಜು ಒಡೆದ ಪಟ ಮನೆಯಲ್ಲಿರಬಾರದು ಎಂಬುದು ನಂಬಿಕೆ. ದೇವರ ಚಿತ್ರವನ್ನು ತಿಪ್ಪೆಗೆ ಎಸೆಯಲು ಮನಸ್ಸು ಬಾರದು. ಹಾಗಾಗಿ ಅದು ಅರಳಿಮರದ ಪಾಲಾಗುತ್ತದೆ. ಒಂದೆರಡು ಮಳೆಗೆ ಬಣ್ಣ ಇಳಿದು, ಕಾಗದ ಮುದ್ದೆಯಾಗಿ, ಚೌಕಟ್ಟಷ್ಟೇ ಉಳಿಯುತ್ತದೆ.

ಇವುಗಳಲ್ಲಿ ಬಹುಪಾಲು ಶಿವಕಾಶಿಯಲ್ಲಿ ಅಚ್ಚಾದ ಸಾಮಾನ್ಯ ಕ್ಯಾಲೆಂಡರ್ ಚಿತ್ರಗಳೇ. ಆದರೆ ಎಲ್ಲವೂ ಅಲ್ಲ. ಅಪರೂಪಕ್ಕೊಮ್ಮೆ ನೂರು ವರ್ಷ ದಾಟಿದ ರವಿವರ್ಮನ ಅಚ್ಚು, ಗಾಜಿನ ಹಿಂಬದಿಯಲ್ಲಿ ಬರೆದ ಬಾಲಕೃಷ್ಣ, ಅಜ್ಜಿ ಕೈಯಾರೆ ಜರಿ ಹಚ್ಚಿದ ಲಕ್ಷ್ಮಿಯೂ ಇದೇ ದಾರಿ ಹಿಡಿಯುವುದುಂಟು. ಮನೆಯವರಿಗೆ ಅವೆಲ್ಲ ‘ಹಳೇ ಪಟ’ಗಳು, ಅಷ್ಟೆ. ಕಲೆ ಎಂಬುದು ಮೈಸೂರಿನ ಅರಮನೆಯಲ್ಲಿದೆ, ಬೆಂಗಳೂರಿನ ಗ್ಯಾಲರಿಯಲ್ಲಿದೆ ಎಂದು ನಂಬಿರುವ ಜನರ ಮನೆಯ ಗೋಡೆಯಲ್ಲಿಯೇ ಅದು ಮೂರು ತಲೆಮಾರು ತೂಗುತ್ತಿತ್ತು.

ಈ ಭಾಗದ ಹಳೆಯ ತೊಟ್ಟಿಮನೆಗಳಲ್ಲಿ ಪಟ ಹಾಕುವುದಕ್ಕೂ ಒಂದು ಕ್ರಮವಿತ್ತು. ಪಡಸಾಲೆಯ ಗೋಡೆಯಲ್ಲಿ, ಬಾಗಿಲ ಮೇಲ್ಗಡೆ, ಗೂಟಕ್ಕೆ ಹಗ್ಗ ಕಟ್ಟಿ ಪಟವನ್ನು ಮುಂದಕ್ಕೆ ಬಗ್ಗಿಸಿ ತೂಗುಹಾಕುತ್ತಿದ್ದರು. ಚಾಪೆಯ ಮೇಲೆ ಕುಳಿತವರು ತಲೆಯೆತ್ತಿದರೆ ಚಿತ್ರ ನೇರ ಕಾಣಬೇಕು, ತೊಟ್ಟಿಯ ಬೆಳಕು ಗಾಜಿನಲ್ಲಿ ಹೊಳೆದು ಕಣ್ಣು ಕುಕ್ಕಬಾರದು. ಹಿಂಬದಿಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದರೆ ಅದಕ್ಕೂ ಜಾಗ! ಕುರ್ಚಿ, ಸೋಫಾ ಬಂದ ಮೇಲೆ ನೋಡುವ ಕಣ್ಣಿನ ಎತ್ತರ ಬದಲಾಯಿತು. ತಂಬಾಕಿನ ಹಣ ಕೈಗೆ ಬಂದಂತೆ ಮನೆಗಳೂ ಬದಲಾದವು. ಕಂಪಲಾಪುರ, ಕಟ್ಟೆಮಳಲವಾಡಿ, ಚಿಲ್ಕುಂದದ ಹರಾಜು ಕಟ್ಟೆಗಳಲ್ಲಿ ಒಳ್ಳೆಯ ಬೆಲೆ ಸಿಕ್ಕ ವರ್ಷ ಊರಲ್ಲಿ ನಾಲ್ಕು ಹೆಂಚಿನ ಮನೆ ಇಳಿದು ನಾಲ್ಕು ತಾರಸಿ ಮನೆ ಏಳುತ್ತವೆ. ಮನೆ ಕೆಡವುವ ದಿನ ತೊಲೆ, ಕಂಬ, ಬಾಗಿಲಿಗೆ ಗಿರಾಕಿ ಮೊದಲೇ ಗೊತ್ತಾಗಿರುತ್ತಾನೆ. ಪಟಗಳನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಹಳೇ ಸಾಮಾನಿನ ವ್ಯಾಪಾರಿ ಕೇಳುತ್ತಾನೆ, ಅವನಿಗೆ ಬೇಕಾದದ್ದು ಏನೆಂದು ಅವನಿಗೆ ಚೆನ್ನಾಗಿ ಗೊತ್ತು.

ಆ ಪಟಗಳಲ್ಲಿ ಏನೇನಿತ್ತು? ಮೊದಲ ಸ್ಥಾನ ಮೈಸೂರು ಶೈಲಿಯ ಚಿತ್ರಗಳದ್ದು. ಆದರೆ ಇವು ಎಲ್ಲರ ಮನೆಯಲ್ಲಿ ಇರುವಂಥವಲ್ಲ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಈ ಕಲೆ ಅರಮನೆಯ ನಂಟಿದ್ದ ಮನೆಗಳಿಗೆ, ಮಠಗಳಿಗೆ ಹೆಚ್ಚು ಹರಿಯಿತು. ಹಲಗೆಗೆ ಬಟ್ಟೆ, ಅದರ ಮೇಲೆ ಕಾಗದ ಅಂಟಿಸಿ, ರೇಖೆ ಎಳೆದು, ಆಭರಣ ಬರುವ ಕಡೆ ಬಿಳಿಯ ಪುಡಿ, ರೇವಲ್ಚಿನ್ನಿ, ಅಂಟು ಸೇರಿಸಿದ ‘ಮಕ್ಕಿ ಸಫೇದ’ ಎಂಬ ಲೇಪವನ್ನು ಕುಂಚದ ತುದಿಯಲ್ಲಿ ಎತ್ತರಿಸಿ, ಮೇಲೆ ಚಿನ್ನದ ರೇಕು ಹಚ್ಚುತ್ತಾರೆ. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ದಪ್ಪ, ಬಣ್ಣದ ಕಲ್ಲುಗಳೂ ಕೂರುತ್ತವೆ. ಮೈಸೂರಿನದು ತೆಳು, ಕೈಯಾಡಿಸಿದರೆ ಮಾತ್ರ ತಿಳಿಯುವಷ್ಟು. ಹೊಳಪಿಗಿಂತ ರೇಖೆಯ ನಯಕ್ಕೆ ಬೆಲೆ. ಒಡವೆ ಅಂಗಡಿಯಂತೆ ಮಿನುಗುವ ಚಿತ್ರವನ್ನು ‘ಮೈಸೂರು ಪೇಂಟಿಂಗ್’ ಎಂದು ಯಾರಾದರೂ ಮಾರಲು ಬಂದರೆ ಒಂದು ಕ್ಷಣ ಅನುಮಾನಿಸುವುದು ಒಳ್ಳೆಯದು.

ಗಾಜಿನ ಚಿತ್ರದ ಸಂಗತಿ ಇನ್ನೂ ಸ್ವಾರಸ್ಯಕರ. ಇಲ್ಲಿ ಚಿತ್ರಕಾರ ಗಾಜಿನ ಹಿಂಬದಿಯಲ್ಲಿ ಬರೆಯುತ್ತಾನೆ, ನಾವು ಮುಂಬದಿಯಿಂದ ನೋಡುತ್ತೇವೆ. ಆದ್ದರಿಂದ ಎಲ್ಲವೂ ತಿರುಗುಮುರುಗು. ಕೊನೆಗೆ ಬರಬೇಕಾದ ಕಣ್ಣು, ಮೂಗುತಿ, ಸರದ ಮುತ್ತು ಮೊದಲು, ಆಮೇಲೆ ಮೈಬಣ್ಣ, ಎಲ್ಲಕ್ಕಿಂತ ಕೊನೆಗೆ ಹಿನ್ನೆಲೆ. ತಪ್ಪಿದರೆ ತಿದ್ದುವಂತಿಲ್ಲ. ಈ ಬಣ್ಣ ಗಾಜಿಗೆ ಅಂಟಿಕೊಂಡಿದೆಯೇ ಹೊರತು ಅದರೊಳಗೆ ಇಳಿದಿಲ್ಲ. ಚೌಕಟ್ಟು ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೃಷ್ಣನ ಮುಖವೇ ಬಟ್ಟೆಗೆ ಬರುತ್ತದೆ. ಹಬ್ಬಕ್ಕೆ ಮನೆ ತೊಳೆಯುವ ಉತ್ಸಾಹದಲ್ಲಿ ಹೀಗೆ ಕಳೆದುಹೋದ ಚಿತ್ರಗಳಿಗೆ ಲೆಕ್ಕವಿಟ್ಟವರಿಲ್ಲ.

ಇವೆರಡನ್ನೂ ಹಿಂದಕ್ಕೆ ತಳ್ಳಿ ಬಡವರ ಮನೆಯವರೆಗೆ ಚಿತ್ರವನ್ನು ಮುಟ್ಟಿಸಿದ್ದು ಅಚ್ಚುಕಲ್ಲು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ. ಯಂತ್ರ, ತಂತ್ರಜ್ಞರು ಜರ್ಮನಿಯಿಂದ ಬಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅದೇ ಹಾಳೆ ಕಲ್ಲಿನಿಂದ ಕಲ್ಲಿಗೆ ಹೋಗಿ, ಹಲವು ಸಲ ಅಚ್ಚಾಗಿ, ಕೊನೆಗೆ ವಾರ್ನಿಷ್ ಹಚ್ಚಿಸಿಕೊಂಡು ತೈಲಚಿತ್ರದಂತೆ ಹೊಳೆಯುತ್ತಿತ್ತು. ವ್ಯಾಪಾರ ರವಿವರ್ಮನ ಕೈ ಹಿಡಿಯಲಿಲ್ಲ. ಲೋನಾವಳದ ಬಳಿಗೆ ಸ್ಥಳಾಂತರಗೊಂಡಿದ್ದ ಮುದ್ರಣಾಲಯವನ್ನು ಜರ್ಮನ್ ತಂತ್ರಜ್ಞನಿಗೇ ಮಾರಬೇಕಾಯಿತು. 1906ರಲ್ಲಿ ಆತ ತೀರಿಕೊಂಡ ಮೇಲೂ ಲಕ್ಷ್ಮಿ, ಸರಸ್ವತಿಯರು ಅಚ್ಚಾಗುತ್ತಲೇ ಹೋದರು. 1972ರಲ್ಲಿ ಬೆಂಕಿ ಬಿದ್ದು ಮುದ್ರಣಾಲಯ ಸುಟ್ಟಿತು. ಕಮಲದ ಮೇಲೆ ನಿಂತ ಲಕ್ಷ್ಮಿಯ ಮುಖ ಹೇಗಿರುತ್ತದೆ ಎಂದು ಕಣ್ಣುಮುಚ್ಚಿ ನೆನೆಸಿಕೊಂಡರೆ ಇವತ್ತಿಗೂ ನಮಗೆ ಬರುವುದು ಆ ಅಚ್ಚಿನ ಮುಖವೇ.

ಹೆಣ್ಣುಮಕ್ಕಳು ಈ ಪಟಗಳನ್ನು ಹಾಗೇ ಬಿಡಲಿಲ್ಲ. ಹಾಳೆಯ ಮೇಲೆ ಲಕ್ಷ್ಮಿಯ ಸೀರೆಗೆ ನಿಜವಾದ ಬಟ್ಟೆ, ಅಂಚಿಗೆ ಜರಿ, ಕಿರೀಟಕ್ಕೆ ಚಮಕಿ ಹೊಲಿದರು. ಒಂದೇ ಅಚ್ಚಿನಿಂದ ಬಂದ ಸಾವಿರ ಪ್ರತಿಗಳಲ್ಲಿ ಈ ಒಂದು ಬೇರೆಯಾಯಿತು. ‘ನಿಮ್ಮ ಮನೆಯಲ್ಲಿ ಕಲೆ ಇದೆಯೇ’ ಎಂದರೆ ‘ಇಲ್ಲ’ ಎನ್ನುವವರ ಮನೆಯಲ್ಲೇ ಮಣಿ ಪೋಣಿಸಿದ ಗಿಳಿ, ಕ್ರಾಸ್ ಸ್ಟಿಚ್ಚಿನ ‘ಸುಸ್ವಾಗತ’ ಗಾಜು ಹಾಕಿಸಿಕೊಂಡು ಕುಳಿತಿರುತ್ತವೆ. ಕಲೆಯ ಇತಿಹಾಸ ಬರೆದವರು ಇವುಗಳತ್ತ ಹೆಚ್ಚು ನೋಡಿಲ್ಲ. ನೋಡಬೇಕಿತ್ತು.

ಗಂಡಸರ ಆಯ್ಕೆ ಬೇರೆ. ಪಡಸಾಲೆಯಲ್ಲಿ ಗಾಂಧಿ, ಅಂಬೇಡ್ಕರ್, ನಾಲ್ವಡಿ ಕೃಷ್ಣರಾಜ ಒಡೆಯರು. ಕೃಷ್ಣರಾಜನಗರವಂತೂ ಅವರ ಹೆಸರನ್ನೇ ಹೊತ್ತ ಊರು. ಹುಣಸೂರಿನ ಕಡೆ ಕಲ್ಲಹಳ್ಳಿಯ ದೇವರಾಜ ಅರಸು. ಪಕ್ಕದಲ್ಲಿ ಸ್ಟುಡಿಯೋದ ಬಣ್ಣದ ಪರದೆಯ ಮುಂದೆ ನಿಂತ ಅಜ್ಜ ಅಜ್ಜಿ. ಹೆಗ್ಗಡದೇವನಕೋಟೆಯ ನೆನಪಿಗೆ ಆನೆಯ ಖೆಡ್ಡಾ ಇದ್ದೇ ಇದೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಜಲಾಶಯದ ನೀರು ಆ ಜಾಗದ ಮೇಲೆ ನಿಂತಿತು. ಆ ಕಾಲದ ಕಪ್ಪು ಬಿಳುಪು ಛಾಯಾಚಿತ್ರ ಯಾರ ಮನೆಯಲ್ಲಾದರೂ ಇದ್ದರೆ, ಅದು ಇನ್ನೊಮ್ಮೆ ತೆಗೆಯಲಾಗದ ಚಿತ್ರ.

ಈ ಸೀಮೆಯವರು ‘ರವಿವರ್ಮನ ಚಿತ್ರ’ ಎಂದು ಕರೆಯುವ, ಆದರೆ ರವಿವರ್ಮ ಬರೆಯದ ಒಂದು ಚಿತ್ರವೂ ಇದೆ. ದೀಪ ಹಿಡಿದ ಹೆಂಗಸು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಬೆರಳ ಸಂದಿನಲ್ಲಿ ಕೆಂಪು ಬೆಳಕು. ಮೈಸೂರಿಗೆ ಹೋಗಿ ಬಂದವರು ಇದರ ಪ್ರತಿ ತಂದು ತೂಗುಹಾಕಿದ ಮನೆಗಳು ಬಹಳ. ಇದನ್ನು ಬರೆದವರು ಸಾವಂತವಾಡಿಯ ಎಸ್.ಎಲ್. ಹಳದಂಕರ್, 1945–46ರ ಸುಮಾರಿಗೆ, ತಮ್ಮ ಮಗಳನ್ನೇ ನಿಲ್ಲಿಸಿಕೊಂಡು. ಅದು ತೈಲಚಿತ್ರವಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕನ್ನು ಬಣ್ಣ ಹಚ್ಚಿ ತರುವುದಿಲ್ಲ, ಕಾಗದದ ಬಿಳಿಯನ್ನು ಮುಟ್ಟದೆ ಉಳಿಸಿ ತರುತ್ತಾರೆ. ಸುತ್ತಲಿನ ಕತ್ತಲೆ ಒಂದಿಷ್ಟು ಒಳಕ್ಕೆ ಹರಿದರೆ ದೀಪ ಆರಿದಂತೆ. ಮೂಲಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. 1861ರಲ್ಲಿ ಕಟ್ಟಿದ ಆ ಅರಮನೆ 1915ರಲ್ಲಿ ಚಿತ್ರಶಾಲೆಯಾಯಿತು. ರವಿವರ್ಮನ ನಿಜವಾದ ತೈಲಚಿತ್ರಗಳೂ ಅದೇ ಸೂರಿನಡಿ ಇರುವುದರಿಂದ ಈ ಹೆಸರಿನ ಗೊಂದಲ ಹುಟ್ಟಿರಬೇಕು. ಹೆಸರು ತಪ್ಪಿದರೂ ಜನ ಆರಿಸಿದ ಚಿತ್ರ ತಪ್ಪಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಇಂದು ಮನೆಗೊಂದು ಚಿತ್ರ ಬೇಕೆಂದರೆ ಈ ನಾಲ್ಕು ಊರಿನವರು ಎಲ್ಲಿಗೆ ಹೋಗಬೇಕು? ದೂರವೇನೂ ಇಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ಟಿಬೆಟನ್ನರು ಬಂದು ನೆಲೆಸಿದರು. ಅವರೊಡನೆ ‘ತಂಕಾ’ ಎಂಬ ಚಿತ್ರಪಟವೂ ಬಂತು. ಹತ್ತಿ ಬಟ್ಟೆಗೆ ಸುಣ್ಣದಂಥ ಪುಡಿ, ಅಂಟು ಬಳಿದು, ಕಲ್ಲಿನಿಂದ ಉಜ್ಜಿ ನುಣುಪು ಮಾಡಿ, ಅಳತೆಯ ಗೆರೆಗಳನ್ನೆಳೆದು ಬುದ್ಧನ ಆಕೃತಿ ಬರೆಯುತ್ತಾರೆ. ಕಣ್ಣು ಬಿಡಿಸುವುದು ಕಟ್ಟಕಡೆಗೆ. ಸುತ್ತ ರೇಷ್ಮೆಯ ಅಂಚು. ಸುರುಳಿ ಸುತ್ತಿ ಒಯ್ಯಬಹುದು, ಗಾಜಿನ ರಗಳೆಯಿಲ್ಲ. ಕೈಬರಹದ ತಂಕಾಗೆ ತಿಂಗಳುಗಟ್ಟಲೆ ದುಡಿಮೆ ಬೇಕಾದ್ದರಿಂದ ಬೆಲೆಯೂ ಹೆಚ್ಚು. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವುದು ಮುದ್ರಿತ ಪ್ರತಿ. ಮುದ್ರಿತವನ್ನು ಮುದ್ರಿತವೆಂದೇ ತಿಳಿದು ಕೊಂಡರೆ ಅದರಲ್ಲಿ ಮೋಸವೇನಿಲ್ಲ.

ಮೈಸೂರಿನಲ್ಲಿ ಬೀಟೆಮರದ ಕೆತ್ತನೆ ಜೋಡಣೆಯ ಫಲಕಗಳಿವೆ. ಹಿಂದೆ ದಂತ ಕೂರುತ್ತಿದ್ದ ಕಡೆ, ದಂತದ ವ್ಯಾಪಾರ ನಿಷೇಧವಾದ ಮೇಲೆ, ಬಿಳಿ ಮರ ಅಥವಾ ಪ್ಲಾಸ್ಟಿಕ್ ಕೂರುತ್ತದೆ. ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ವಿದ್ಯಾರ್ಥಿಗಳ ಪ್ರದರ್ಶನಗಳೂ ನಡೆಯುತ್ತವೆ. ಹೆಸರು ಮಾಡದ ಹುಡುಗ ಹುಡುಗಿಯರ ಒಂದು ರೇಖಾಚಿತ್ರ, ಒಂದು ಅಚ್ಚುಚಿತ್ರ ಕೈಗೆಟಕುವ ಬೆಲೆಗೆ ಸಿಗುವ ಜಾಗವೆಂದರೆ ಇಂಥದ್ದೇ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯೇ ಅಂಗಡಿಯಾಗುತ್ತದೆ. ನೂರಿನ್ನೂರು ರೂಪಾಯಿಯಿಂದ ಲಕ್ಷದವರೆಗೆ ಚಿತ್ರಗಳು. ಬರೆದವರೇ ಎದುರಿಗೆ ನಿಂತಿರುತ್ತಾರೆ, ಕೇಳಿದರೆ ಹೇಳುತ್ತಾರೆ. ಚುಂಚನಕಟ್ಟೆ, ಕಪ್ಪಡಿ, ಬೆಟ್ಟದಪುರದ ಜಾತ್ರೆಗಳಲ್ಲಿ ಪಟದ ಅಂಗಡಿ ಹುಡುಕುವ ಕಣ್ಣಿಗೆ ಈ ಸಂತೆ ಹೊಸದೇನಲ್ಲ.

ಯಾವುದನ್ನು ಕೊಳ್ಳಬೇಕು ಎಂಬ ಪ್ರಶ್ನೆಗೆ ಕಲಾವಿಮರ್ಶಕರ ಉತ್ತರಕ್ಕೆ ಕಾಯಬೇಕಾಗಿಲ್ಲ. ಸೋಫಾದ ಬಣ್ಣಕ್ಕೆ ಹೊಂದುವ ಚಿತ್ರ ಸೋಫಾ ಹರಿಯುವವರೆಗೆ. ಪ್ರತಿದಿನ ಕಾಫಿ ಕುಡಿಯುತ್ತಾ ನೋಡಿದರೂ ಬೇಸರ ಬಾರದ ಚಿತ್ರ ಬೇರೆ. ಅಂಗಡಿಯಲ್ಲಿ ಎರಡು ಸುತ್ತು ಹಾಕಿ ಹೊರಬಂದ ಮೇಲೂ ಯಾವುದು ನೆನಪಿನಲ್ಲಿ ಉಳಿಯುತ್ತದೋ ಅದನ್ನು ಕೇಳಬಹುದು. ಬೆಲೆ ಏರುತ್ತದೆಂದು ಕೊಳ್ಳುವವರಿಗೆ ನಿವೇಶನವೇ ವಾಸಿ. ಇನ್ನೊಂದು ಮಾತು: ಫ್ರೇಮಿನ ಖರ್ಚು ಚಿತ್ರದ ಬೆಲೆಯನ್ನು ಮೀರುವುದು ಮಾಮೂಲು. ಅದನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಮನೆಯಲ್ಲಿ ಮಾತು ತಪ್ಪುತ್ತದೆ.

ಆದರೆ ಕೊಳ್ಳುವ ಮೊದಲು ಅಟ್ಟ ಹತ್ತಿ ನೋಡುವುದು ಒಳ್ಳೆಯದು. ಹಳೆಯ ಪಟ ಸಿಕ್ಕರೆ ಕೆಳಗಿನ ಅಂಚನ್ನು ಓದಬೇಕು. ‘ರವಿವರ್ಮ ಪ್ರೆಸ್’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರಬಹುದು. ಅಷ್ಟಕ್ಕೇ ನಂಬುವಂತಿಲ್ಲ, ಏಕೆಂದರೆ ಈಚಿನ ನಕಲುಗಳಲ್ಲಿ ಆ ಸಾಲೂ ನಕಲಾಗಿರುತ್ತದೆ. ಭೂತಗನ್ನಡಿ ಹಿಡಿದು ಕೆನ್ನೆಯ ಬಣ್ಣ ನೋಡಬೇಕು. ಸಮಸಾಲಿನಲ್ಲಿ ಪುಟ್ಟ ಪುಟ್ಟ ಚುಕ್ಕೆಗಳು ಕಂಡರೆ ಅದು ಇತ್ತೀಚಿನ ಆಫ್‌ಸೆಟ್ ಮುದ್ರಣ. ಕೈಯಲ್ಲಿ ಇಟ್ಟಂಥ, ಕ್ರಮವಿಲ್ಲದ ಚುಕ್ಕೆಗಳಿದ್ದರೆ ಕಲ್ಲಚ್ಚು. ಹಾಗೆಂದು ಲಕ್ಷಾಧೀಶರಾಗುವ ಕನಸು ಬೇಡ. ಇವು ಸಾವಿರಗಟ್ಟಲೆ ಅಚ್ಚಾದ ಚಿತ್ರಗಳು, ಕೆಲವಷ್ಟೇ ಅಪರೂಪ. ನೂರು ವರ್ಷ ದಾಟಿದ ವರ್ಣಚಿತ್ರವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯ ಮಾತು ಬರುತ್ತದೆ. ಅದನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ, ವ್ಯಾಪಾರಿಗೆ ಪರವಾನಗಿ ಬೇಕು. ಬಾಗಿಲಿಗೆ ಬಂದ ವ್ಯಾಪಾರಿಯನ್ನು ಪರವಾನಗಿ ಕೇಳಿದರೆ ಅರ್ಧ ಚೌಕಾಸಿ ಅಲ್ಲೇ ಮುಗಿಯುತ್ತದೆ.

ಉಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಚಿತ್ರದ ಹಿಂದೆ ಅಜ್ಜನ ಕಾಲದ ರಟ್ಟು, ಸುದ್ದಿಪತ್ರಿಕೆ ಇರುತ್ತದೆ. ಅದರ ಆಮ್ಲವೇ ಕಾಗದವನ್ನು ಕಂದು ಮಾಡುವುದು. ಆಮ್ಲವಿಲ್ಲದ ರಟ್ಟು ಹಾಕಿಸಬೇಕು. ಚಿತ್ರ ಗಾಜಿಗೆ ತಾಗದಂತೆ ನಡುವೆ ಒಂದು ಅಂಚು ಕೊಡಿಸಬೇಕು, ಇಲ್ಲದಿದ್ದರೆ ಮಳೆಗಾಲದ ಥಂಡಿಗೆ ಅಂಟಿಕೊಂಡು ಬಿಡುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ನಾಲ್ಕು ಬಿರಡೆ ಚೂರು ಅಂಟಿಸಿದರೆ ಗಾಳಿ ಆಡುತ್ತದೆ, ಗೆದ್ದಲು ಹತ್ತಿದರೂ ಬೇಗ ಕಾಣುತ್ತದೆ. ಬಿಸಿಲು ನೇರ ಬೀಳುವ ಗೋಡೆ ಬೇಡ. ದೀಪದ ಹೊಗೆ, ಊದುಬತ್ತಿ ಪೂಜೆಯ ಪಟಕ್ಕಿರಲಿ, ಹಳೆಯದಕ್ಕೆ ಬೇಡ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸುವುದಂತೂ ಕೂಡದು.

ಗಾಜು ಒಡೆದ ಪಟ ಮನೆಯಲ್ಲಿರಬಾರದು ಎಂಬ ಮಾತಿಗೂ ಯಾರ ನಂಬಿಕೆಯೂ ಮುಕ್ಕಾಗದ ಪರಿಹಾರವಿದೆ. ಒಡೆದದ್ದು ಗಾಜು, ಚಿತ್ರವಲ್ಲ. ಪಟವನ್ನು ಮನೆಯಿಂದ ಹೊರಗೆ ತಂದ ಮೇಲೆ ಅರಳಿಕಟ್ಟೆಯ ಬದಲು ಪೇಟೆಯ ಫ್ರೇಮಿನ ಅಂಗಡಿಗೆ ಒಯ್ದರೆ, ಹೊಸ ಗಾಜು ಹಾಕಿಸಿಕೊಂಡು ಸಂಜೆಗೆ ಮರಳಿ ಬರಬಹುದು. ಗಾಜಿನ ಮೇಲೆಯೇ ಬರೆದ ಚಿತ್ರವಾದರೆ ಮಾತ್ರ ಆ ಅಂಗಡಿಯವನಿಗೂ ಬಿಚ್ಚಲು ಬಿಡದೆ, ಚೂರುಗಳು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ, ಮೈಸೂರಿನಲ್ಲಿ ಬಲ್ಲವರನ್ನು ವಿಚಾರಿಸಬೇಕು.