ಸತ್ಯವೇದದ ಓದಿಗೆ ಅಲಂಕಾರಗಳ ಅರಿವು: ಭಾರತೀನಗರದ ಆಡುಮಾತಿನಿಂದ ಕೆಲವು ನಿದರ್ಶನಗಳು

ಉಪಮೆ, ರೂಪಕ, ಅತಿಶಯೋಕ್ತಿ ಎಂಬ ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರೌಢಶಾಲೆಯ ಕನ್ನಡ ತರಗತಿಯಲ್ಲೇ ಕಲಿತಿರುತ್ತಾರೆ. ಪರೀಕ್ಷೆ ಮುಗಿದೊಡನೆ ಮರೆತೂ ಇರುತ್ತಾರೆ. ಸತ್ಯವೇದವನ್ನು ಬೋಧಿಸಲು ಹೊರಟಾಗ ಆ ಹೆಸರುಗಳು ಮತ್ತೆ ಬೇಕಾಗುತ್ತವೆ. ಒಂದು ಮಾತು ಯಾವ ಬಗೆಯದೆಂದು ಅರಿಯದಿದ್ದರೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ತಿಳಿಯದು. ಬೋಧಕನ ಇಂಥ ತಪ್ಪಿನ ಭಾರವನ್ನು ಹೊರುವವರು ಕೇಳುಗರು. ಆದಕಾರಣ ಐದು ಪರಿಭಾಷೆಗಳನ್ನು ಮದ್ದೂರು ತಾಲ್ಲೂಕಿನ ಭಾರತೀನಗರದ, ಅಂದರೆ ಕೆ.ಎಂ. ದೊಡ್ಡಿಯ, ಸುತ್ತಿನ ಬದುಕು ಮತ್ತು ಮಾತಿನ ನೆರವಿನಿಂದ ಇಲ್ಲಿ ವಿವರಿಸುತ್ತೇವೆ.

ಆಡುಮಾತಿನಿಂದ ತೊಡಗುವುದಕ್ಕೆ ಆಧಾರವುಂಟು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಅನುಸರಿಸಿ ಅಲಂಕಾರಗಳನ್ನು ನಿರೂಪಿಸುವ ಗ್ರಂಥ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರು ಶಾಸ್ತ್ರವನ್ನು ಓದದೆಯೂ ಕಾವ್ಯದ ಮಾತನ್ನು ಬಲ್ಲವರೆಂದು ಅದು ಮೆಚ್ಚುತ್ತದೆ. ಕಾವೇರಿಯ ಉತ್ತರಕ್ಕಿರುವ ಭಾರತೀನಗರ ಆ ಸೀಮೆಯೊಳಗಿನದೇ. ಕ್ರೈಸ್ತ ಸೇವೆಗೂ ಈ ಶಾಸ್ತ್ರ ಹೊರಗಿನದಲ್ಲ: ಬಾಸೆಲ್ ಮಿಷನ್ನಿನ ಫರ್ಡಿನಂಡ್ ಕಿಟ್ಟೆಲ್ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದರು, 1894ರಲ್ಲಿ ತಮ್ಮ ಕನ್ನಡ ನಿಘಂಟನ್ನು ಹೊರತಂದರು.

ಮೊದಲನೆಯದು ಲಕ್ಷಣೆ. ಪದದ ನೇರವಾದ ಅರ್ಥ ಹೊಂದದಿದ್ದಾಗ, ಅದಕ್ಕೆ ಸಂಬಂಧಿಸಿದ ಬೇರೊಂದು ಅರ್ಥವನ್ನು ಗ್ರಹಿಸುವುದೇ ಲಕ್ಷಣೆ. “ನಾಲೆ ಬಿಟ್ಟರು” ಎಂದು ಮಂಡ್ಯದ ರೈತನು ಹೇಳಿದರೆ, ಬಿಟ್ಟದ್ದು ನಾಲೆಯನ್ನಲ್ಲ, ನೀರನ್ನು. ಅತಿಶಯೋಕ್ತಿಯು ಇದಕ್ಕೆ ನೆರೆಯದು: ಇರುವುದನ್ನು ಮಿಗಿಲಾಗಿ ಹೇಳಿ ಅದರ ತೀವ್ರತೆಯನ್ನು ಮನಗಾಣಿಸುವುದು. “ಮದುವೆಗೆ ಊರಿಗೆ ಊರೇ ಬಂದಿತ್ತು” ಎಂಬಲ್ಲಿ ಇವೆರಡೂ ಕೂಡಿವೆ. ಯೋಹಾನನ ಬಳಿಗೆ ಯೆರೂಸಲೇಮೂ ಯೂದಾಯವೆಲ್ಲವೂ ಹೊರಟುಬಂದವೆಂದು ಮತ್ತಾಯನು (3:5) ಹೇಳುವುದು ಇದೇ ರೀತಿಯಲ್ಲಿ. ಫರಿಸಾಯರು ಅವನಿಂದ ದೀಕ್ಷಾಸ್ನಾನವನ್ನು ಪಡೆಯಲಿಲ್ಲವೆಂದು ಲೂಕನು (7:30) ಬರೆದಿದ್ದಾನೆ. ಮಾತಿನ ರೀತಿಯನ್ನು ಬಲ್ಲವನಿಗೆ ಇಲ್ಲಿ ವಿರೋಧ ಕಾಣುವುದಿಲ್ಲ.

ಮೂರನೆಯದು ಸಮಾನಾಂತರತೆ. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತುಗಳಲ್ಲಿ ಮತ್ತೆ ಹೇಳುವುದು, ಬೆಳೆಸುವುದು ಅಥವಾ ಎದುರಿಗಿಟ್ಟು ತೋರಿಸುವುದು ಹೀಬ್ರೂ ಕಾವ್ಯದ ಮುಖ್ಯ ಲಕ್ಷಣ. 1753ರಲ್ಲಿ ಪ್ರಕಟವಾದ ರಾಬರ್ಟ್ ಲೌತ್‌ನ ಉಪನ್ಯಾಸಗಳು ಇದನ್ನು ವಿದ್ವಾಂಸರ ಗಮನಕ್ಕೆ ತಂದವು. ನಮಗೆ ಇದು ಜೋಡುನುಡಿಗಳಿಂದ ಪರಿಚಿತ. “ಮನೆಮಠ ಕಳೆದುಕೊಂಡ” ಎಂದರೆ ಯಾವ ಮಠವೆಂದು ಯಾರೂ ಕೇಳುವುದಿಲ್ಲ. ಅಂತೆಯೇ 8ನೆಯ ಕೀರ್ತನೆಯಲ್ಲಿ ಮನುಷ್ಯನೆಂದೂ ನರಪುತ್ರನೆಂದೂ ಎರಡು ಸಾಲುಗಳಲ್ಲಿ ಬಂದರೂ ಅಲ್ಲಿ ಇಬ್ಬರಿಲ್ಲ. ಅಲ್ಪನಾದ ಮಾನವನ ಮುಂದೆ ಆಗುವ ವಿಸ್ಮಯ ಒಂದೇ.

ನಾಲ್ಕನೆಯದು ಸಾಮ್ಯ; ಕಥೋಲಿಕ ಬಳಕೆಯಲ್ಲಿ ಸಾಮತಿ. ಇದು ಕೇಳುಗನಿಂದ ತೀರ್ಪನ್ನು ಬೇಡುವ ಕಿರುಗತೆ. ಕತೆಯ ಒಂದೊಂದು ವಸ್ತುವಿಗೂ ಒಂದೊಂದು ಗೂಢಾರ್ಥವನ್ನು ಹಚ್ಚುವ ರೂಪಕಕಥೆಯೇ ಬೇರೆ. ಬಿತ್ತುವವನ ಸಾಮ್ಯಕ್ಕೆ ಸುವಾರ್ತೆಯೇ ಅಂಥ ವಿವರಣೆಯನ್ನು ಕೊಡುತ್ತದೆ. ಆದರೆ ಎಲ್ಲ ಸಾಮ್ಯಗಳಿಗೂ ಅದು ಸಲ್ಲುವುದಿಲ್ಲ. ದಯಾಳುವಾದ ಸಮಾರ್ಯದವನ ಕತೆಯಲ್ಲಿ ಅಗಸ್ಟೀನನು ಗಾಯಗೊಂಡವನನ್ನು ಆದಾಮನೆಂದೂ ಛತ್ರವನ್ನು ಸಭೆಯೆಂದೂ ಓದಿದನು. ಆ ಓದು ಭಕ್ತಿಪೂರ್ಣವಾದರೂ, ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸುಸ್ವಾಮಿ ಕೊಟ್ಟ ಉತ್ತರ ಅದರಲ್ಲಿ ಹಿಂದೆ ಸರಿಯುತ್ತದೆ. ಹೋಗಿ ಅದರಂತೆ ಮಾಡು ಎಂಬ ಆಜ್ಞೆಯನ್ನು ಕೇಳಬೇಕಾದವನು ಗೂಢಾರ್ಥವನ್ನು ಬಿಡಿಸುತ್ತ ಕುಳಿತುಬಿಡಬಹುದು.

ಕೊನೆಯದು ಉಪಮೆ. ಇದಕ್ಕೆ ನಾಲ್ಕು ಅಂಗಗಳು: ವರ್ಣಿಸಬೇಕಾದ ಉಪಮೇಯ, ಹೋಲಿಕೆಗೆ ತಂದ ಉಪಮಾನ, ‘ಅಂತೆ’ ಮುಂತಾದ ವಾಚಕ ಪದ, ಎರಡಕ್ಕೂ ಸಮಾನವಾದ ಸಾಧಾರಣಧರ್ಮ. ತಪ್ಪು ಓದು ಹೆಚ್ಚಾಗಿ ಹುಟ್ಟುವುದು ಸಾಧಾರಣಧರ್ಮವನ್ನು ಗುರುತಿಸುವಲ್ಲಿ. 1ನೆಯ ಕೀರ್ತನೆ ಧರ್ಮಶಾಸ್ತ್ರವನ್ನು ಧ್ಯಾನಿಸುವವನನ್ನು ನೀರಿನ ಕಾಲುವೆಗಳ ಬಳಿ ನೆಟ್ಟ ಮರಕ್ಕೆ ಹೋಲಿಸಿ, ಅವನ ಕಾರ್ಯವೆಲ್ಲ ಸಫಲವೆನ್ನುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬಾಳುವವರಿಗೆ ಈ ಚಿತ್ರ ಬಲು ಹತ್ತಿರದ್ದು. ಹತ್ತಿರದ್ದಾದ್ದರಿಂದಲೇ ಅಪಾಯವೂ ಹೆಚ್ಚು. ಕನ್ನಂಬಾಡಿ ಕಟ್ಟೆ ತುಂಬದೆ, ನಾಲೆಗೆ ನೀರು ಬಾರದೆ, ಕೂಳೆ ಕಬ್ಬು ಒಣಗುತ್ತಿರುವ ವರ್ಷದಲ್ಲಿ, ಸಾಲ ಹೊತ್ತ ರೈತನೊಬ್ಬನ ಮುಂದೆ ಬೆಳೆಯೇ ಭಕ್ತಿಯ ಅಳತೆಗೋಲೆಂದು ಬೋಧಿಸಿದರೆ, ಅವನಿಗೆ ಕೇಳಿಸುವುದು ದೇವರು ತನ್ನನ್ನು ಕೈಬಿಟ್ಟನೆಂಬ ತೀರ್ಪು.

ಕೀರ್ತನೆಯೇ ಇದನ್ನು ತಿದ್ದುತ್ತದೆ. ಅದು ಮರದ ಎದುರಿಗೆ ಇರಿಸುವುದು ಗಾಳಿ ಬಡಿದುಕೊಂಡು ಹೋಗುವ ಹೊಟ್ಟನ್ನು, ಬಡವನನ್ನಲ್ಲ. ಬೇರಿಗೂ ತೇಲಾಟಕ್ಕೂ ಇರುವ ಈ ಅಂತರದಿಂದ ಸಾಧಾರಣಧರ್ಮವು ನೆಲೆಯೇ ಹೊರತು ಆದಾಯವಲ್ಲವೆಂದು ತಿಳಿಯುತ್ತದೆ. ಫಲವೂ ತಕ್ಕ ಕಾಲದಲ್ಲಿ ಬರುವಂಥದು. ದುಷ್ಟರ ಏಳಿಗೆಯನ್ನು ಕಂಡು ಕೊರಗುವ 73ನೆಯ ಕೀರ್ತನೆಯೂ ಅದೇ ಗ್ರಂಥದಲ್ಲಿದೆ. ನಷ್ಟದಿಂದ ಪಾಪವನ್ನು ಊಹಿಸಿದ ಯೋಬನ ಗೆಳೆಯರನ್ನು ದೇವರೇ (ಯೋಬ 42:7) ಖಂಡಿಸಿದನು.

ಪ್ರಸಂಗವನ್ನು ಸಿದ್ಧಪಡಿಸುವಾಗ ಈ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಈ ಮಾತು ಯಾವ ಬಗೆಯದು? ಹೋಲಿಕೆ ಎಲ್ಲಿಯವರೆಗೆ ಸಲ್ಲುತ್ತದೆ? ನಮ್ಮ ಕೇಳುಗರಲ್ಲಿ ಅತ್ಯಂತ ನೊಂದವನಿಗೆ ಇದು ಹೇಗೆ ಕೇಳಿಸುತ್ತದೆ? ಮೊದಲೆರಡಕ್ಕೆ ಉತ್ತರವನ್ನು ಅಲಂಕಾರಶಾಸ್ತ್ರ ಕಲಿಸುತ್ತದೆ. ಮೂರನೆಯದಕ್ಕೆ ಉತ್ತರವನ್ನು ಅವನ ಗದ್ದೆಯ ಬದುವಿನ ಮೇಲೆ ನಿಂತು ಅವನಿಂದಲೇ ಕೇಳಿ ತಿಳಿಯಬೇಕು.