ಮೇಜುಗಣಕದ ಹಳೆಯ ವಿನ್ಯಾಸವೂ ಹೊಸ ಮಾರ್ಪಾಟುಗಳೂ: ಕನ್ನಡ ಬರವಣಿಗೆಯ ದೃಷ್ಟಿಯಿಂದ ಒಂದು ವಿಚಾರ

ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಶಿಲ್ಪಿಗಳ ಊರೆಂದು ಹೆಸರಾದುದು. ಕಲ್ಲಿನ ವಿಗ್ರಹಗಳೂ ಲೋಹದ ವಿಗ್ರಹಗಳೂ ಅಲ್ಲಿ ತಯಾರಾಗುತ್ತವೆ. ವಿಗ್ರಹಶಿಲ್ಪಕ್ಕೆ ಎರಡು ಬಗೆಯ ಸಾಧನಗಳು ಬೇಕು. ಉಳಿ, ಸುತ್ತಿಗೆ ಮೊದಲಾದ ಉಪಕರಣಗಳು ಒಂದು ಬಗೆ. ತಾಳಮಾನವೆಂಬ ಅಳತೆಯು ಇನ್ನೊಂದು. ಹನ್ನೆರಡು ಅಂಗುಲಗಳಿಗೆ ಒಂದು ತಾಳ. ನವತಾಳದ ವಿಗ್ರಹವೆಂದರೆ ೧೦೮ ಅಂಗುಲ. ಈ ಅಂಗುಲವು ಅಳತೆಕಡ್ಡಿಯ ಮೇಲೆ ಗುರುತು ಮಾಡಿದ ಇಂಚಲ್ಲ; ವಿಗ್ರಹದ ಎತ್ತರವನ್ನೇ ಭಾಗಿಸಿ ಪಡೆದ ಪ್ರಮಾಣ. ಆದುದರಿಂದ ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಮಾನವು ಒಂದೇ. ವಿದ್ಯುತ್ತಿನಿಂದ ತಿರುಗುವ ಕೊಯ್ಯುವ ಚಕ್ರವು ಶಿಲ್ಪಿಗಳ ಕೈಗೆ ಬಂದುದರಿಂದ ತಾಳಮಾನಕ್ಕೆ ಯಾವ ಕೇಡೂ ಆಗಲಿಲ್ಲ. ಆದರೆ ಉಪಕರಣವನ್ನು ತಿದ್ದುವ ನೆವದಿಂದ ಅಳತೆಯನ್ನೇ ಎರಡು ವರ್ಷಕ್ಕೊಮ್ಮೆ ಬದಲಿಸುತ್ತ ಹೋದರೆ, ಕಲಿಸುವವನಿಗೂ ಕಲಿಯುವವನಿಗೂ ನೆಲೆಯೇ ಇಲ್ಲದಂತಾಗುವುದು.

ಮಾನ ಮತ್ತು ಉಪಕರಣ ಎಂಬೀ ಭೇದವನ್ನು ಮುಂದಿಟ್ಟುಕೊಂಡು, ನಮ್ಮ ಬರವಣಿಗೆಯ ಇಂದಿನ ಸಾಧನವಾದ ಗಣಕಯಂತ್ರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಹಳೆಯ ಮೇಜುಗಣಕವೇ ಚೆನ್ನಾಗಿತ್ತು, ಹೊಸತೆಂದು ಬಂದುದರಲ್ಲಿ ಬಹುಭಾಗ ಬರಿಯ ಗೊಂದಲವೆಂಬ ಮಾತನ್ನು ಅಧ್ಯಾಪಕರಲ್ಲಿಯೂ ಅಚ್ಚಿನ ಕೆಲಸದವರಲ್ಲಿಯೂ ಆಗಾಗ ಕೇಳುತ್ತೇವೆ. ಇದು ಕಳೆದ ಪ್ರಾಯದ ಹಂಬಲ ಮಾತ್ರವೋ, ಅಥವಾ ಇದರಲ್ಲಿ ವಿಚಾರಾರ್ಹವಾದ ಅಂಶವಿದೆಯೋ ಎಂಬುದನ್ನು ನೋಡಬೇಕಾಗಿದೆ.

ಹಳೆಯ ವಿನ್ಯಾಸವೆಂದು ಹೇಳುವುದರ ಹುಟ್ಟು ಹೀಗೆ. ಅಮೆರಿಕದ ಪಾಲೋ ಆಲ್ಟೋದಲ್ಲಿ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯವು ೧೯೭೩ರಲ್ಲಿ ಆಲ್ಟೋ ಎಂಬ ಯಂತ್ರವನ್ನು ರಚಿಸಿತು. ಪರದೆಯನ್ನೇ ಬರೆಯುವ ಮೇಜಿನಂತೆ ಭಾವಿಸಿ, ಕಾಗದಗಳನ್ನು ಅದರ ಮೇಲೆ ಹರಡಿದಂತೆ ತೋರಿಸುವ ಕಲ್ಪನೆಯು ಅಲ್ಲಿ ಬೆಳೆದು, ೧೯೮೧ರ ಸ್ಟಾರ್ ಯಂತ್ರದಲ್ಲಿ ಮಾರುಕಟ್ಟೆಗೆ ಬಂದಿತು. ೧೯೮೪ರ ಮ್ಯಾಕಿಂಟಾಷ್ ಇದನ್ನು ಪ್ರಸಿದ್ಧಿಗೆ ತಂದಿತು. ೧೯೯೫ರ ವಿಂಡೋಸ್ ಆವೃತ್ತಿಯು ಲೋಕದ ಕಚೇರಿಗಳಲ್ಲೆಲ್ಲ ಹರಡಿತು. ಇತ್ತ ಐಬಿಎಂ ಸಂಸ್ಥೆಯ ೧೯೮೧ರ ಗಣಕವು ಪೆಟ್ಟಿಗೆಯ ಕಟ್ಟಡದಲ್ಲಿ ಒಂದು ಮೇಲ್ಪಂಕ್ತಿಯನ್ನು ಹಾಕಿತು. ತಿರುಪುಗಳನ್ನು ಬಿಚ್ಚಿ ಒಳಗಿನ ಭಾಗವನ್ನು ಬದಲಿಸಬಹುದು. ಬೇರೊಬ್ಬರು ತಯಾರಿಸಿದ ಫಲಕವನ್ನು ಸೇರಿಸಬಹುದು. ಭಾರತೀಯ ಲಿಪಿಗಳಿಗಾಗಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿ, ಪುಣೆಯ ಸಿಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಫಲಕವು ಈ ಗಣಕಗಳಲ್ಲಿ ನೆಲೆಗೊಂಡುದು ಈ ತೆರವಿನಿಂದಲೇ. ವಿದೇಶದ ತಯಾರಕನು ನಮ್ಮ ಲಿಪಿಯನ್ನು ಎಣಿಕೆಗೇ ತಾರದಿದ್ದರೂ ಅವನ ಪೆಟ್ಟಿಗೆಯೊಳಗೆ ನಮ್ಮ ಅಕ್ಷರಕ್ಕೆ ಎಡೆಯಿತ್ತು.

ಹೀಗೆ ನೆಲೆಗೊಂಡ ಕ್ರಮವನ್ನು ಈಚಿನ ದಶಕಗಳಲ್ಲಿ ಮತ್ತೆ ಮತ್ತೆ ಕದಲಿಸಿದ್ದಾರೆ. ೨೦೦೭ರ ಆಫೀಸ್ ಆವೃತ್ತಿಯು ವರ್ಡ್ ಮೊದಲಾದವುಗಳ ಆಜ್ಞೆಗಳ ಪಟ್ಟಿಯನ್ನು ತೆಗೆದು ಅಗಲವಾದ ಚಿತ್ರಪಟ್ಟಿಯನ್ನು ಇಟ್ಟಿತು. ೨೦೧೨ರ ಎಂಟನೆಯ ವಿಂಡೋಸ್, ೧೯೯೫ರಿಂದ ಪರದೆಯ ಮೂಲೆಯಲ್ಲಿದ್ದ ಆರಂಭದ ಗುಂಡಿಯನ್ನು ತೆಗೆದುಹಾಕಿತು. ಬಳಕೆದಾರರ ಆಕ್ಷೇಪಣೆಗಳು ಹೆಚ್ಚಲು, ೨೦೧೩ರಲ್ಲಿ ಗುಂಡಿಯೂ ೨೦೧೫ರ ಹತ್ತನೆಯ ಆವೃತ್ತಿಯಲ್ಲಿ ಅದರ ಪಟ್ಟಿಯೂ ಹಿಂದಿರುಗಿದುವು. ಸ್ವತಂತ್ರ ತಂತ್ರಾಂಶದ ವಲಯದಲ್ಲಿಯೂ ೨೦೧೧ರಲ್ಲಿ ಗ್ನೋಮ್ ತನ್ನ ರೂಪವನ್ನು ಬದಲಿಸಿದಾಗ, ಅದರ ಹಳೆಯ ರೂಪವನ್ನೇ ಮುಂದುವರಿಸುವುದಕ್ಕಾಗಿ ಮಾಟೆ ಎಂಬ ಕವಲು ಹುಟ್ಟಿತು. ತೆಳುವಾದ ಇಂದಿನ ಅನೇಕ ಮಡಿಲಗಣಕಗಳಲ್ಲಿ ಸ್ಮರಣೆಯ ಭಾಗವನ್ನು ಬೆಸುಗೆ ಹಾಕಿರುವುದರಿಂದ ಅದನ್ನು ಬದಲಿಸುವಂತಿಲ್ಲ. ತೆಗೆದುದನ್ನು ಮತ್ತೆ ಇಡಬೇಕಾಯಿತೆಂಬ ಸಂಗತಿಯೊಂದೇ, ಹೊಸತೆಲ್ಲ ಪ್ರಗತಿಯಲ್ಲವೆಂಬುದಕ್ಕೆ ಸಾಕಾದ ಪ್ರಮಾಣ.

ಕನ್ನಡದ ಕೀಲಿಮಣೆಯಲ್ಲಿ ಈ ಪ್ರಶ್ನೆಯು ಇನ್ನೂ ಸ್ಪಷ್ಟವಾಗುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಹರಡಿದ, ರಾಜ್ಯಸರ್ಕಾರವೂ ಅಂಗೀಕರಿಸಿದ ವಿನ್ಯಾಸದಲ್ಲಿ, ನಮ್ಮ ವರ್ಣಮಾಲೆಯೆಲ್ಲವೂ ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಅಡಗಿದೆ. ‘ಕೆ’ ಕೀಲಿಯನ್ನು ಒತ್ತಿದರೆ ಕಕಾರ; ಶಿಫ್ಟ್ ಸೇರಿಸಿದರೆ ಖಕಾರ. ‘ಎಲ್’ ಕೀಲಿಯಲ್ಲಿ ಲಕಾರ, ಶಿಫ್ಟ್ ಸಹಿತವಾಗಿ ಳಕಾರ. ವ್ಯಂಜನದ ಮುಂದೆ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರವಾಗುತ್ತದೆ. ‘ಎಫ್’ ಕೀಲಿಯು ಅಕಾರವನ್ನು ಕಳೆದು ಅರ್ಧಾಕ್ಷರ ಮಾಡುತ್ತದೆ. ವ್ಯಂಜನಕ್ಕೆ ಸ್ವರ ಸೇರಿ ಅಕ್ಷರವಾಗುವುದೆಂಬ ವ್ಯಾಕರಣದ ಪಾಠವೇ ಇಲ್ಲಿ ಬೆರಳಿನ ಅಭ್ಯಾಸವಾಗಿದೆ. ಸ್ವರಗಳನ್ನು ಎಡಗೈಗೂ ವ್ಯಂಜನಗಳನ್ನು ಬಲಗೈಗೂ ಹಂಚಿ, ಭಾರತದ ಲಿಪಿಗಳಿಗೆಲ್ಲ ಸಮಾನವಾಗಿ ನಿರ್ಮಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸಕ್ಕೂ ಇಂಥದೇ ಒಂದು ತರ್ಕವಿದೆ.

ಈಗ ಬಹುಮಂದಿ ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಒತ್ತುತ್ತಾರೆ. ಯಂತ್ರವು ಅದನ್ನು ಕನ್ನಡ ಪದವೆಂದು ಊಹಿಸಿ ಕೊಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಲಕಾರಳಕಾರಗಳ ಭೇದವಿಲ್ಲ, ಹ್ರಸ್ವದೀರ್ಘಗಳ ನಿಯಮವಿಲ್ಲ. ತಲೆ, ತಳೆ, ತಾಳೆ ಎಂಬ ಮೂರನ್ನೂ ಒಂದೇ ರೀತಿ ಬರೆಯುವವರುಂಟು. ಆಗ ಯಂತ್ರವು ಹೆಚ್ಚು ಬಳಕೆಯಲ್ಲಿರುವ ಪದವನ್ನು ಮುಂದಿಡುತ್ತದೆ. ಬರೆಯುವವನು ಒಪ್ಪಿಕೊಂಡು ಮುಂದೆ ಹೋಗುತ್ತಾನೆ. ಅಪರೂಪದ ದೇಶ್ಯಪದ, ಹಳಗನ್ನಡದ ರೂಪ, ಕೋಲಾರದ ಕಡೆಯ ಮಾತು, ಇವು ಆ ಪಟ್ಟಿಯಲ್ಲಿ ಹಿಂದೆ ಬೀಳುತ್ತವೆ. ಮೊದಲಿನ ಪದ್ಧತಿಯಲ್ಲಿ ತಪ್ಪಾದರೆ ಅದು ಬರೆದವನ ತಪ್ಪು, ತಿದ್ದಬಹುದಾದ ತಪ್ಪು. ಇಲ್ಲಿ ಅಕ್ಷರವನ್ನು ಆರಿಸುವ ಹೊಣೆಯೇ ಕೈತಪ್ಪಿಹೋಗುತ್ತದೆ. ಕಾಗುಣಿತವನ್ನು ಕಲಿಸುವ ಅಧ್ಯಾಪಕರಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಹಳೆಯದನ್ನು ಹೊಗಳುವವರು ಅದರ ಒಂದು ದೊಡ್ಡ ದೋಷವನ್ನು ಮರೆಯಬಾರದು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹವು ಬಂದಿತು. ಅನಂತರ ನುಡಿಯು ಬಂದಿತು. ಇವುಗಳಿಂದಲೂ ಅಚ್ಚುಮನೆಗಳ ಇತರ ತಂತ್ರಾಂಶಗಳಿಂದಲೂ ಆದ ಉಪಕಾರವು ಅಪಾರ. ಆದರೂ ಆ ಕಾಲದ ಕಡತಗಳಲ್ಲಿ ನಿಜವಾಗಿ ಇದ್ದುದು ಕನ್ನಡವಲ್ಲ. ೨೫೬ ಸ್ಥಾನಗಳ ಇಂಗ್ಲಿಷ್ ಸಂಕೇತಪಟ್ಟಿಯಲ್ಲಿ ಒಂದೊಂದು ಸ್ಥಾನಕ್ಕೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರವನ್ನು ಹೊಂದಿಸಿ, ಫಾಂಟಿನ ವೇಷದಿಂದ ಕನ್ನಡವೆಂದು ತೋರಿಸುತ್ತಿದ್ದರು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ವಿದೇಶೀ ಅಕ್ಷರಗಳ ಸಾಲು. ಒಂದು ತಂತ್ರಾಂಶದ ಹೊಂದಾಣಿಕೆ ಇನ್ನೊಂದಕ್ಕೆ ಸಲ್ಲದು. ಅಕಾರಾದಿಯಾಗಿ ಜೋಡಿಸುವುದೂ ಪದವನ್ನು ಹುಡುಕುವುದೂ ಕಷ್ಟ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಯಕಾರದ ಮುಂದೆ ಇಡುತ್ತಿದ್ದರು. ಉಚ್ಚಾರಣೆಯಲ್ಲಿ ರೇಫವು ಮೊದಲು ಬರುತ್ತದೆ. ಇಂಥವನ್ನು ಪರಿವರ್ತಿಸುವಾಗ ಸ್ಥಾನಪಲ್ಲಟ ಮಾಡಬೇಕು. ಅಲ್ಲಿಯೇ ಪಾಠದೋಷಗಳು ನುಗ್ಗುತ್ತವೆ. ಓಲೆಯ ಪ್ರತಿಗಳಲ್ಲಿ ಲಿಪಿಕಾರರಿಂದ ಬಂದ ಪಾಠಾಂತರಗಳನ್ನು ವಿಮರ್ಶಿಸುವ ವಿದ್ವಾಂಸರು ಇನ್ನು ಮುಂದೆ ಈ ಹೊಸ ಲಿಪಿಕಾರನನ್ನೂ ಗಮನಿಸಬೇಕಾಗುವುದು.

ಈ ದೋಷವನ್ನು ಕಳೆದುದು ಯೂನಿಕೋಡ್ ಎಂಬ ಹೊಸ ಏರ್ಪಾಡು. ೧೯೯೧ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ೧೨೮ ಸ್ಥಾನಗಳ ಕ್ಷೇತ್ರವು ಮೀಸಲಾಯಿತು. ೨೦೦೧ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಫಾಂಟಿನೊಡನೆ ಇದನ್ನು ಸಾಮಾನ್ಯರ ಮೇಜಿಗೆ ತಂದಿತು. ಹಳಗನ್ನಡದ ಱಕಾರಕ್ಕೂ ೞಕಾರಕ್ಕೂ ಅದರಲ್ಲಿ ಸ್ಥಾನವಿರುವುದರಿಂದ, ಅಱಿವು, ಬಾೞ್ ಎಂಬ ರೂಪಗಳನ್ನು ಇದ್ದಂತೆಯೇ ಬರೆಯಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ೞಕಾರದ ಅಧಿಕೃತ ಹೆಸರನ್ನು ಪಟ್ಟಿಯಲ್ಲಿ ನಮೂದಿಸುವಾಗ ತಪ್ಪಾಗಿ ‘ಫ’ ಎಂದು ಬರೆದುಬಿಟ್ಟರು. ತಪ್ಪು ತಿಳಿದ ಮೇಲೂ ಅದನ್ನು ಅಳಿಸಲಿಲ್ಲ. ಏಕೆಂದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮ. ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದರು. ಹೆಸರು ತಪ್ಪಾದರೂ ಅಕ್ಷರವು ತನ್ನ ಸ್ಥಾನದಲ್ಲಿ ಭದ್ರವಾಗಿದೆ. ಲಿಖಿತವನ್ನು ಕಾಪಾಡುವವರಿಗೆ ಚೊಕ್ಕತನಕ್ಕಿಂತ ಸ್ಥೈರ್ಯವು ದೊಡ್ಡದೆಂಬುದನ್ನು ಅವರು ಬಲ್ಲರು.

ಈ ಎರಡು ನಿದರ್ಶನಗಳಿಂದ ಸಿದ್ಧವಾಗುವುದೇನೆಂದರೆ, ಹಳೆಯದು ಹೊಸದು ಎಂಬ ವಿಂಗಡಣೆಯಿಂದ ಪ್ರಯೋಜನವಿಲ್ಲ. ಅಕ್ಷರದ ಸಂಕೇತ, ಕೀಲಿಗಳ ಸ್ಥಾನ, ಕಡತದ ಸ್ವರೂಪ, ಆಜ್ಞೆಗಳ ನೆಲೆ, ಇವು ಮಾನಕ್ಕೆ ಸೇರಿದುವು. ಅನೇಕರ ಕೈಯಭ್ಯಾಸವೂ ಅನೇಕ ವರ್ಷಗಳ ಬರಹವೂ ಇವುಗಳ ಮೇಲೆ ನಿಂತಿವೆ. ವೇಗ, ಗಾತ್ರ, ಪರದೆಯ ಕಾಂತಿ, ಇವು ಉಪಕರಣದ ಗುಣಗಳು. ಉಪಕರಣವು ಎಷ್ಟು ಬೇಕಾದರೂ ಬದಲಾಗಲಿ. ಮೇಜುಗಣಕವನ್ನು ಎಂದೂ ಕಾಣದ ಸಾವಿರಾರು ಜನರ ಕೈಗೆ ದೂರವಾಣಿಯು ಕನ್ನಡವನ್ನು ತಂದಿರುವುದು ಸಂತೋಷದ ವಿಷಯವೇ. ಆದರೆ ಮಾನವನ್ನು ಬದಲಿಸುವವನು ಮೊದಲು ಕಾರಣವನ್ನು ಹೇಳಬೇಕು. ಹಿಂದಿನ ಬರಹವನ್ನು ಓದುವ ದಾರಿಯನ್ನೂ ಉಳಿಸಬೇಕು. ಯೂನಿಕೋಡ್ ಈ ಪರೀಕ್ಷೆಯಲ್ಲಿ ಗೆದ್ದಿತು. ಮೂಲೆಯ ಗುಂಡಿಯನ್ನು ತೆಗೆದ ಸುಧಾರಣೆಯು ಸೋತಿತು.

ನಮ್ಮ ವಿದ್ಯಾಸಂಸ್ಥೆಗಳು ಮಾಡಬೇಕಾದ ಕೆಲಸವು ಇದರಿಂದ ತಾನೇ ಹೊಳೆಯುತ್ತದೆ. ೧೯೯೦ರ ದಶಕದಿಂದೀಚೆಗೆ ಫಾಂಟಿನ ಸಂಕೇತದಲ್ಲಿ ಸಿದ್ಧವಾದ ಪ್ರಬಂಧಗಳು, ಶಾಸನಪಾಠಗಳು, ನಿಘಂಟಿನ ಚೀಟಿಗಳು ಎಷ್ಟೋ ಕಪಾಟುಗಳಲ್ಲಿವೆ. ಅವನ್ನು ತೆರೆಯಬಲ್ಲ ಯಂತ್ರಗಳೂ, ಆ ತಂತ್ರಾಂಶಗಳ ಮರ್ಮವನ್ನು ಬಲ್ಲ ಅಚ್ಚುಮೊಳೆಯ ಕಾಲದ ಕೆಲಸಗಾರರೂ ದಿನೇ ದಿನೇ ವಿರಳರಾಗುತ್ತಿದ್ದಾರೆ. ಹಳೆಯ ಯಂತ್ರವೊಂದನ್ನು ನಡೆಯುವ ಸ್ಥಿತಿಯಲ್ಲಿ ಉಳಿಸಿಕೊಂಡು, ಅದರ ಮುಂದೆ ಮೂಲಪ್ರತಿಯನ್ನಿಟ್ಟು, ಪರಿವರ್ತಿತ ಪಾಠವನ್ನು ಸಾಲುಸಾಲಾಗಿ ತಾಳೆ ನೋಡುವುದೇ ಹಳೆಯ ಗಣಕಕ್ಕೆ ನಾವು ಸಲ್ಲಿಸಬಹುದಾದ ಸಾರ್ಥಕವಾದ ಗೌರವ. ಇಲ್ಲವಾದರೆ ಕೇವಲ ಮೂರು ದಶಕಗಳ ಹಿಂದಿನ ಬರಹವು ಮುಂದಿನವರಿಗೆ ಹಲ್ಮಿಡಿಯ ಶಾಸನಕ್ಕಿಂತಲೂ ದುರ್ಬೋಧವಾದೀತು.